ಗುಂಡುಕಲ್ಲಿನ ಸೈಕಲ್ ಸವಾರಿ

ಎಲ್ಲಿಗೇ ಹೋಗಲಿ, ಕೂರುವ ಮುಂಚೆ ಕುರ್ಚಿಯನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಸಲ ಅಲ್ಲಾಡಿಸಿ ನೋಡುವುದು ನನ್ನ ಚಾಳಿ. ಮದುವೆ ಛತ್ರವಾಗಲಿ, ಬ್ಯಾಂಕಾಗಲಿ, ಹಲ್ಲಿನ ಡಾಕ್ಟರ ಕ್ಲಿನಿಕ್ಕಾಗಲಿ, ಯಾವುದಕ್ಕೂ ವಿನಾಯಿತಿ ಇಲ್ಲ. ಹೋದ ವಾರ ನೆಂಟರ ಹುಡುಗನಿಗೆ ಹೆಣ್ಣು ನೋಡಲು ಹೋಗಿದ್ದೆವು. ಉಪ್ಪಿಟ್ಟು, ಕೇಸರಿಬಾತು ಬರುವ ಮೊದಲೇ ನಾನು ಅವರ ಸೋಫಾ ಹಿಡಿದು ಜಗ್ಗಾಡಿಬಿಟ್ಟೆ. ಹುಡುಗಿಯ ತಂದೆ ಗಾಬರಿಯಾಗಿ, "ಹೊಸದು ಕಣ್ರೀ, ಯುಗಾದಿಗೆ ತಂದಿದ್ದು" ಅಂದರು. ಪಕ್ಕದಲ್ಲಿದ್ದ ನನ್ನ ಮಗಳು ಚಿನ್ನು ನನ್ನ ಸೆರಗು ಜಗ್ಗಿ, "ಅಮ್ಮಾ, ಮಾನ ತೆಗೀಬೇಡ" ಎಂದು ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದಳು. ಈಗ ಸ್ಕೂಟರಿನಲ್ಲಿ ಜುಮ್ಮೆಂದು ಆಫೀಸಿಗೆ ಹೋಗುವ ಈ ಮಹಾರಾಯಿತಿಯ ದೆಸೆಯಿಂದಲೇ ನನಗೆ ಈ ಚಾಳಿ ಅಂಟಿದ್ದು. ಅದು ಅವಳಿಗೆ ಗೊತ್ತಿಲ್ಲ. ಅವಳಿಗೆ ಹೇಳಿದರೆ ಪೂರ್ತಿ ಕೇಳುವ ತಾಳ್ಮೆ ಇಲ್ಲ, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ತೊಂಬತ್ತರ ದಶಕದ ನಡುವಿನ ಮಾತು. ಚಿನ್ನುಗೆ ಆಗ ಮೂರು ತುಂಬಿತ್ತು. ಮೈಸೂರಿನ ರಾಮಕೃಷ್ಣನಗರದ ಎರಡು ರೂಮಿನ ಬಾಡಿಗೆ ಮನೆಯಲ್ಲಿ ನಾನು, ನಮ್ಮನೆಯವರು, ನಮ್ಮ ಅತ್ತೆ ಮತ್ತು ಚಿನ್ನು ಇದ್ದೆವು. ನಮ್ಮನೆಯವರಿಗೆ ನಂಜನಗೂಡಿನ ಕಡೆ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಮನೆಯಲ್ಲಿದ್ದಾಗ ನಿದ್ದೆ, ನಿದ್ದೆಯಿಲ್ಲದಾಗ ಫ್ಯಾಕ್ಟರಿ. ನಾನು ಲೈಬ್ರರಿ ಸೈನ್ಸಿನ ಡಿಗ್ರಿ ಮಾಡಿಕೊಂಡು, ಆ ಸರ್ಟಿಫಿಕೇಟನ್ನು ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ಅಡಿಗಿಟ್ಟು, ನಾಲ್ಕು ವರ್ಷ ಬೇಳೆ ಬೇಯಿಸಿದ್ದೆ. ಅಂಥ ಹೊತ್ತಿನಲ್ಲಿ ಒಂದು ಕಾಲೇಜಿನ ಲೈಬ್ರರಿಯಲ್ಲಿ ಸಹಾಯಕಿಯ ಕೆಲಸಕ್ಕೆ ಕರೆ ಬಂತು. ಆ ಕೆಲಸ ನನಗೆ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಕಾಗದ ಬಂದ ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿ, ಅದನ್ನು ನಾನೇ ಚಪ್ಪರಿಸಿಕೊಂಡು ಉಂಡೆ.

ಗುರುವಾರ ಇಂಟರ್ವ್ಯೂ. ಆಫೀಸಿನ ಸೂಪರಿಂಟೆಂಡೆಂಟರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ ಹೇಳಿದರು, "ಮೂರು ವರ್ಷದ ಮಗು ಇದೆ ಅಂತೀರಿ. ಚಿಕ್ಕ ಮಕ್ಕಳಿರೋ ಹೆಂಗಸರು ಟೈಮಿಗೆ ಸರಿಯಾಗಿ ಬಂದಿದ್ದನ್ನ ನಾನಂತೂ ನೋಡಿಲ್ಲಮ್ಮ. ಸೋಮವಾರ ಒಂಬತ್ತೂವರೆ ಒಳಗೆ ಬಂದು ಸೈನ್ ಮಾಡಿ. ತಡ ಆಯ್ತೋ, ಲಿಸ್ಟಲ್ಲಿ ಮುಂದಿನವರಿಗೆ ಹೇಳಿ ಕಳಿಸ್ತೀನಿ." ನನಗೆ ರೋಷ ಉಕ್ಕಿತು. ಆದರೂ ಬಾಯಿ ಮುಚ್ಚಿಕೊಂಡು, "ಆಗಲಿ ಸಾರ್" ಎಂದು ಬಂದೆ.

ಚಿನ್ನುವನ್ನು ಮನೆಯಲ್ಲಿ ಬಿಡುವಂತಿರಲಿಲ್ಲ. ಅವಳಿಗೆ ನಡಿಗೆ ಎನ್ನುವುದೇ ಬರುತ್ತಿರಲಿಲ್ಲ, ಬರುತ್ತಿದ್ದುದು ಓಟ ಒಂದೇ. ಎರಡು ಸಲ ಗೇಟು ತೆಗೆದುಕೊಂಡು ಬೀದಿಗೆ ಹೋಗಿದ್ದಳು. "ಅವ್ಳ ಹಿಂದೆ ಓಡೋಕೆ ನನ್ ಕಾಲಲ್ಲಿ ಆಗಕಿಲ್ಲ ಕಣವ್ವ" ಎಂದು ಅತ್ತೆ ಮೊದಲೇ ಕೈಯೆತ್ತಿದ್ದರು. ಕುವೆಂಪುನಗರದಲ್ಲಿ ಸಂಜೆಯವರೆಗೂ ನೋಡಿಕೊಳ್ಳುವ ಒಂದು ಶಿಶುವಿಹಾರವಿತ್ತು. ಅದರ ಬಾಗಿಲು ತೆಗೆಯುವುದೇ ಒಂಬತ್ತಕ್ಕೆ. ಅಲ್ಲಿ ಬಿಟ್ಟು ಅರ್ಧ ಗಂಟೆಯಲ್ಲಿ ಕಾಲೇಜು ಮುಟ್ಟಬೇಕು. ಬಸ್ಸು ನಂಬಿದರೆ ಕೆಟ್ಟೆ, ನಡೆದರೆ ತಡ. ಉಳಿದದ್ದು ಸೈಕಲ್ಲು. ಡಿಗ್ರಿ ಓದುವಾಗ ನಮ್ಮಪ್ಪ ಕೊಡಿಸಿದ್ದ ಹಸಿರು ಬಣ್ಣದ ಲೇಡೀಸ್ ಸೈಕಲ್ಲು ಮದುವೆಯಾದ ಮೇಲೆ ನನ್ನ ಜೊತೆಯಲ್ಲೇ ಬಂದು, ಬಚ್ಚಲ ಪಕ್ಕದಲ್ಲಿ ತೆಂಗಿನ ಮಟ್ಟೆಗಳಿಗೆ ಆಸರೆಯಾಗಿ ನಿಂತಿತ್ತು. ಅದಕ್ಕೊಂದು ಮಗುವಿನ ಸೀಟು ಹಾಕಿಸಿಬಿಟ್ಟರೆ ಆಯಿತು ಎಂದು ಲೆಕ್ಕ ಹಾಕಿದೆ.

ಅತ್ತೆಗೆ ಈ ಮಾತು ಹೇಳಿದಾಗ ಅವರು ಅವರೆಕಾಳು ಹಿಸುಕುತ್ತಿದ್ದರು. ಕೈ ನಿಂತುಹೋಯಿತು.

"ಬ್ಯಾಡ ಕಣವ್ವ. ನನ್ ಮಗನ್ ಹಿಮ್ಮಡಿ ನೋಡಿದ್ದೀಯಲ್ಲ?"

ನೋಡಿದ್ದೆ. ನಮ್ಮನೆಯವರಿಗೆ ಐದು ವರ್ಷವಿದ್ದಾಗ ಮಾವನವರ ಸೈಕಲ್ಲಿನ ಹಿಂದೆ ಕೂತು ಹೋಗುತ್ತಿದ್ದರಂತೆ. ಅತ್ತೆಯೇ ಎತ್ತಿ ಕೂರಿಸಿದ್ದು. ಬೀದಿ ತಿರುಗುವಷ್ಟರಲ್ಲಿ ಮಗುವಿನ ಕಾಲು ಚಕ್ರದ ಕಡ್ಡಿಗಳಿಗೆ ಸಿಕ್ಕಿ ಹಿಮ್ಮಡಿ ಕಿತ್ತುಬಂತು. ನಮ್ಮನೆಯವರಿಗೆ ಗಾಯ ವಾಸಿಯಾಯಿತು, ಅತ್ತೆಗೆ ವಾಸಿಯಾಗಲಿಲ್ಲ. ಆವತ್ತಿನಿಂದ ಅವರು ಸೈಕಲ್ ಹತ್ತಿದವರೇ ಅಲ್ಲ. ಎಷ್ಟು ದೂರವಾದರೂ ನಡೆದೇ ಹೋಗುವರು. ಮಂಡಿ ನೋವು ಶುರುವಾದ ಮೇಲೆ ಹೋಗುವುದನ್ನೇ ಬಿಟ್ಟರು. ಜೀವಕ್ಕಿಂತ ಹೆಚ್ಚಾಗಿದ್ದ ಮಠಕ್ಕೂ ಆರು ತಿಂಗಳಿಂದ ಹೋಗಿರಲಿಲ್ಲ.

ನಮ್ಮನೆಯವರನ್ನು ಪಂಚಾಯಿತಿಗೆ ಕರೆದೆ. ಅವರು ಮಗ್ಗುಲು ಬದಲಾಯಿಸಿ, "ಅಮ್ಮ ಹೇಳ್ದಂಗೂ ಮಾಡು, ನಿನಗೆ ಸರಿ ಕಂಡಂಗೂ ಮಾಡು" ಎಂದು ತೀರ್ಪು ಕೊಟ್ಟು ಮತ್ತೆ ನಿದ್ದೆ ಹೋದರು. ಕೊನೆಗೆ ಅತ್ತೆಯೇ ಒಂದು ಮೆಟ್ಟಿಲು ಇಳಿದರು. "ಸೀಟು ಮುಂದ್ಗಡೆ ಇರ್ಬೇಕು. ಮಗಾ ನಿನ್ ಕಣ್ಣಿಗೆ ಕಾಣ್ತಾ ಇರ್ಬೇಕು. ಗಟ್ಟಿ ಅನ್ನೋದನ್ನ ನನ್ಗೆ ತೋರುಸ್ಬೇಕು. ಆಮೇಲೆ ಕೂರ್ಸೋ ಮಾತು." ಇಷ್ಟಾದರೂ ಆಯಿತಲ್ಲ ಎಂದು ನಾನು ಶುಕ್ರವಾರ ಬೆಳಿಗ್ಗೆಯೇ ಬಸ್ಸು ಹತ್ತಿ ಮಂಡಿ ಮೊಹಲ್ಲಾಕ್ಕೆ ಓಡಿದೆ.

ಓಡಿದ್ದು ದಂಡ. ಶುಕ್ರವಾರ ಅಲ್ಲಿ ಸೈಕಲ್ ಅಂಗಡಿಗಳಿಗೆ ರಜಾ ಎನ್ನುವುದು ಮೈಸೂರಿನಲ್ಲೇ ಹುಟ್ಟಿ ಬೆಳೆದ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಸಾಲಾಗಿ ಬಾಗಿಲು ಹಾಕಿದ ಅಂಗಡಿಗಳ ಮುಂದೆ ಬಿಸಿಲಲ್ಲಿ ನಿಂತು ನನ್ನನ್ನು ನಾನೇ ಬೈದುಕೊಂಡೆ. ಬಂದ ತಪ್ಪಿಗೆ ಅರ್ಧ ಕೇಜಿ ಒಣಮೆಣಸಿನಕಾಯಿ ಕೊಂಡುಕೊಂಡು ವಾಪಸಾದೆ. ಒಂದು ದಿನ ಕೈಬಿಟ್ಟುಹೋಯಿತು.

ಶನಿವಾರ ಸೈಕಲ್ಲನ್ನೇ ತುಳಿದುಕೊಂಡು ಹೋದೆ. ನಾಲ್ಕು ವರ್ಷದ ಮೇಲೆ ಸೈಕಲ್ ತುಳಿದ ಸುಖಕ್ಕೆ ದಾರಿಯುದ್ದಕ್ಕೂ ಒಬ್ಬಳೇ ನಗುತ್ತಿದ್ದೆ. ಅಂಗಡಿಯ ಗೌಸ್ ಸಾಬರು ಬಿಳಿ ಗಡ್ಡದ ಹಿರಿಯರು, ಕನ್ನಡಕಕ್ಕೆ ದಾರ ಕಟ್ಟಿ ಕತ್ತಿಗೆ ನೇತುಹಾಕಿಕೊಂಡಿದ್ದರು. ಮೊಳೆಯಿಂದ ಮೂರು ಥರದ ಸೀಟು ಇಳಿಸಿ ನನ್ನ ಮುಂದೆ ಇಟ್ಟರು. ಒಂದು, ಹಿಂದಿನ ಕ್ಯಾರಿಯರಿಗೆ ಬಿಗಿಯುವ ಕಬ್ಬಿಣದ ಕುರ್ಚಿ. ಅದು ಅತ್ತೆಯ ಷರತ್ತಿನಲ್ಲೇ ಬಿದ್ದುಹೋಯಿತು. ಇನ್ನೊಂದು, ಪುಟ್ಟ ಕೆಂಪು ಸೀಟು, ಮೆತ್ತನೆಯ ರೆಕ್ಸಿನ್ನು, ಅಂಚಿಗೆ ಬಿಳಿ ಪಟ್ಟಿ. ನನಗೆ ಅದರ ಮೇಲೆ ಪ್ರೀತಿ ಹುಟ್ಟಿಬಿಟ್ಟಿತು. "ಇದೇ ಕೊಡಿ. ಎಷ್ಟು ಹೇಳ್ತೀರ?" ಎಂದು ಚೌಕಾಸಿ ಶುರುಮಾಡಿದೆ. ಗೌಸ್ ಸಾಬರು ಸುಮ್ಮನೆ ಕೇಳಿಸಿಕೊಂಡರು. ನಾನು ಬೆಲೆಯನ್ನು ಮೂರು ಸಲ ಇಳಿಸಿ, ಎರಡು ಸಲ ಅಂಗಡಿ ಮೆಟ್ಟಿಲಿಳಿದು ವಾಪಸು ಬಂದ ಮೇಲೆ ಶಾಂತವಾಗಿ ಕೇಳಿದರು.

"ಅಲ್ಲಮ್ಮಾ, ಇದು ಬಾರಿಗೆ ಬಿಗಿಯೋ ಸೀಟು. ನಿಮ್ ಗಾಡೀಲಿ ಬಾರ್ ಎಲ್ಲಿದೆ?"

ತಿರುಗಿ ನೋಡಿದೆ. ಲೇಡೀಸ್ ಸೈಕಲ್ಲಿಗೆ ಆ ಅಡ್ಡ ಬಾರ್ ಎಲ್ಲಿಂದ ಬರಬೇಕು? ಸೀರೆ ಉಟ್ಟವರು ಹತ್ತಲಿ ಅಂತಲೇ ಅದನ್ನು ತೆಗೆದಿರುತ್ತಾರೆ. ಆರು ವರ್ಷ ತುಳಿದ ಸೈಕಲ್ಲು ಹೇಗಿದೆ ಎಂದು ನನಗೇ ಗೊತ್ತಿರಲಿಲ್ಲ ನೋಡಿ.

ಮೂರನೆಯದು ಬೆತ್ತದ್ದು. ಬೆನ್ನಿಗೆ ಒರಗು, ಅಕ್ಕಪಕ್ಕ ಕೈಯಾಸರೆ, ಕಾಲು ಇಳಿಬಿಡಲು ಎರಡು ತೂತು. ಹ್ಯಾಂಡಲಿನ ಮುಂದೆ ಎರಡು ಕಬ್ಬಿಣದ ಕೊಕ್ಕೆಗಳಿಂದ ನೇತುಹಾಕುವುದು. ಮಗು ನಮ್ಮ ಕಡೆಗೇ ಮುಖ ಮಾಡಿ ಕೂರುತ್ತದೆ. ಇದೇ ಸರಿ ಎಂದೆ. ಗೌಸ್ ಸಾಬರು ಕೊಕ್ಕೆ ಮಾಡಲು ಕಂಬಿ ಆರಿಸುತ್ತ ಕೇಳಿದರು, "ಮಗು ಎಷ್ಟು ತೂಕ ಬರುತ್ತಮ್ಮಾ?"

ಇಲ್ಲಿ ನಾನು ಮಾಡಿದ್ದನ್ನು ಕೇಳಿ ನೀವು ಬೈಯಬಾರದು. ನಮ್ಮಲ್ಲಿ ಮಗುವಿನ ತೂಕವನ್ನು ಯಾವ ತಾಯಿಯಾದರೂ ಬಾಯಿಬಿಟ್ಟು ಹೇಳುತ್ತಾಳೆಯೇ? ದೃಷ್ಟಿ ತಗಲುವುದಿಲ್ಲವೇ? ಯಾರಾದರೂ "ಗುಂಡುಗುಂಡಾಗಿದ್ದಾಳೆ" ಅಂದರೆ, "ಎಲ್ರೀ, ಏನೂ ತಿನ್ನೋದೇ ಇಲ್ಲ, ಇಳಿದುಹೋಗಿದ್ದಾಳೆ" ಅನ್ನುವುದು ನಮ್ಮ ಬಾಯಿಗೆ ರೂಢಿ. ಚಿನ್ನು ಆಗ ಡಾಕ್ಟರ ಕಾರ್ಡಿನ ಪ್ರಕಾರ ಹದಿಮೂರು ಕೇಜಿ ದಾಟಿದ್ದಳು. ನಾನು ಒಂದು ಚೂರೂ ತಡವರಿಸದೆ, "ಅಯ್ಯೋ, ಎಲ್ಲಿ ಸಾಬ್ರೇ, ಒಂಬತ್ತು ಇದ್ದರೆ ಹೆಚ್ಚು" ಎಂದೆ. ಅವರು ತಲೆಯಾಡಿಸಿ, ದಪ್ಪ ಕಂಬಿಯನ್ನು ಪಕ್ಕಕ್ಕಿಟ್ಟು ಸಣ್ಣದನ್ನು ಎತ್ತಿಕೊಂಡರು. ನಾನು ನೋಡುತ್ತಲೇ ನಿಂತಿದ್ದೆ. ಕೊಕ್ಕೆಗೂ ತೂಕಕ್ಕೂ ಸಂಬಂಧವಿದೆ ಎಂದು ಹೊಳೆಯಬೇಕಲ್ಲ!

ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಚಿನ್ನುಗೆ ಹೊಸ ಫ್ರಾಕು ಹಾಕಿ, ಒಂದು ಸುತ್ತು ಹಾಕಿಸೋಣವೆಂದು ಹೊರಗೆ ಬಂದೆ. ಅತ್ತೆ ಸೈಕಲ್ಲಿನ ಮುಂದೆ ನಿಂತಿದ್ದರು. ಹಣೆಗೆ ವಿಭೂತಿ, ಕೈಯಲ್ಲಿ ಆರತಿ ತಟ್ಟೆ. ಕಾಲ ಬಳಿ ನೆಲದ ಮೇಲೆ ನಮ್ಮ ಮನೆಯ ರುಬ್ಬುವ ಕಲ್ಲಿನ ಗುಂಡು. ಅದಕ್ಕೆ ನೀರು ಹಾಕಿ ತೊಳೆದು, ಮೂರು ಬೆರಳಿನಲ್ಲಿ ವಿಭೂತಿ ಎಳೆದು, ನೆತ್ತಿಗೊಂದು ದಾಸವಾಳ ಸಿಕ್ಕಿಸಿದ್ದರು.

"ಮೊದಲು ಗುಂಡಪ್ಪ ಕೂರ್ಲಿ" ಅಂದರು.

ನಮ್ಮಲ್ಲಿ ತೊಟ್ಟಿಲು ಹಾಕುವ ದಿನ ಮಗುವನ್ನು ಮಲಗಿಸುವ ಮುಂಚೆ ಗುಂಡುಕಲ್ಲನ್ನು ತೊಟ್ಟಿಲಲ್ಲಿಟ್ಟು ತೂಗುತ್ತಾರೆ. ಮಗು ಕಲ್ಲಿನ ಹಾಗೆ ಗಟ್ಟಿಯಾಗಲಿ ಎಂದು. ಚಿನ್ನುವಿಗೂ ಮಾಡಿದ್ದರು. ಆದರೆ ಸೈಕಲ್ಲಿಗೆ?

"ಅತ್ತೆ, ಇದೇನು ತೊಟ್ಟಿಲೇ? ಬೀದೀಲಿ ಜನ ನಗಲ್ವಾ?"

"ನಗ್ಲಿ ಬುಡು. ಮಗಾ ಕೂರೋದು ಅಂದ್ಮೇಲೆ ತೊಟ್ಲೂ ಒಂದೇ, ಇದೂ ಒಂದೇ. ದಟ್ಟಗಳ್ಳಿ ಗಂಟ ಓಗಿ ಬಾ. ಗುಂಡಪ್ಪ ನೆಟ್ಟಗೆ ಬಂದ್ರೆ ನಾಳೆ ಚಿನ್ನು ಓಗ್ತಾಳೆ. ಇಲ್ದಿದ್ರೆ ಇಲ್ಲ."

ವಾದ ಮಾಡಿ ಪ್ರಯೋಜನವಿರಲಿಲ್ಲ. ಇಬ್ಬರೂ ಸೇರಿ ಕಲ್ಲನ್ನೆತ್ತಿ ಸೀಟಿನಲ್ಲಿ ಕೂರಿಸಿ, ಹಳೇ ಸೀರೆಯ ತುಂಡಿನಿಂದ ಒರಗಿಗೆ ಕಟ್ಟಿದೆವು. ಹೊಸ ಫ್ರಾಕು ಹಾಕಿಕೊಂಡಿದ್ದ ಚಿನ್ನು ತನ್ನ ಜಾಗದಲ್ಲಿ ಕಲ್ಲು ಕೂತಿದ್ದನ್ನು ನೋಡಿ ಬೀದಿಗೆ ಕೇಳುವ ಹಾಗೆ ಅಳಲು ಶುರುಮಾಡಿದಳು. ಎದುರು ಮನೆಯ ಸರೋಜಮ್ಮ ಕಾಂಪೌಂಡಿಗೆ ಒರಗಿ ನಿಂತು, "ಏನೇ ಶಶಿ, ಕಲ್ಲಿಗೆ ಊರು ತೋರ್ಸೋಕೆ ಹೊರಟ್ಯಾ?" ಎಂದು ಕೇಳಿದರು. ಬೀದಿಯಲ್ಲಿ ಏನೇ ನಡೆದರೂ ಸರೋಜಮ್ಮ ಮೊದಲ ಸಾಲಿನಲ್ಲಿರುತ್ತಿದ್ದರು. ನಾನು ತಲೆ ತಗ್ಗಿಸಿ ಪೆಡಲು ತುಳಿದೆ.

ದಟ್ಟಗಳ್ಳಿಯಲ್ಲಿ ಆಗ ಮನೆಗಳಿಗಿಂತ ಸೈಟುಗಳೇ ಹೆಚ್ಚು. ಖಾಲಿ ರಸ್ತೆ, ಅಲ್ಲೊಂದು ಇಲ್ಲೊಂದು ತಳಪಾಯ. ಗುಂಡಪ್ಪ ಗಂಭೀರವಾಗಿ ನನ್ನ ಮುಖವನ್ನೇ ನೋಡುತ್ತ ಕೂತಿದ್ದ. ಸ್ವಲ್ಪ ದೂರ ಹೋಗುವಷ್ಟರಲ್ಲಿ ನನಗೆ ಧೈರ್ಯ ಬಂತು. "ಎಂಥಾ ಗಟ್ಟಿ ಸೀಟು, ಸುಮ್ಮನೆ ಅತ್ತೆಯ ಹಟ" ಎಂದುಕೊಂಡೆ. ಇಳಿಜಾರು ಬಂತು. ಇಳಿಜಾರಿನ ಕೊನೆಯಲ್ಲಿ ಒಂದು ಹಂಪು. ಬ್ರೇಕ್ ಹಿಡಿದೆ, ಮುಂದಿನ ಚಕ್ರ ಹಂಪು ಹತ್ತಿ ಇಳಿಯಿತು. ಟಣ್ಣೆಂದು ಸದ್ದು. ಕೊಕ್ಕೆಗಳೆರಡೂ ನನ್ನ ಕಣ್ಣೆದುರಿಗೇ ಬಾಯಿಬಿಟ್ಟುಕೊಂಡವು. ಸೀಟು ಮುಂದಕ್ಕೆ ವಾಲಿತು, ಸೀರೆಯ ಗಂಟು ಜಾರಿತು, ಗುಂಡಪ್ಪ ರಸ್ತೆಗೆ ಬಿದ್ದು ಉರುಳಿಕೊಂಡು ಹೋಗಿ ಚರಂಡಿಯ ಕಲ್ಲಿಗೆ ಬಡಿದು ನಿಂತ.

ಸೈಕಲ್ ಎಸೆದು ಓಡಿದೆ. ಕಲ್ಲಿನ ಅಂಚಿನಲ್ಲಿ ಒಂದು ಚಕ್ಕೆ ಎದ್ದುಹೋಗಿತ್ತು. ಆ ಚಕ್ಕೆ ಎದ್ದ ಜಾಗ ನೋಡಿದ್ದೇ ಚಿನ್ನುವಿನ ಹಣೆ ಕಣ್ಣಮುಂದೆ ಬಂತು. ಅಲ್ಲೇ ಮಣ್ಣಿನಲ್ಲಿ ಕೂತು, ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಗಳಗಳನೆ ಅತ್ತುಬಿಟ್ಟೆ.

ಹಾಲಿನ ಕ್ಯಾನು ಹಿಡಿದುಕೊಂಡು ಹೋಗುತ್ತಿದ್ದ ಹಿರಿಯರೊಬ್ಬರು ನಿಂತರು. ವಿಭೂತಿ, ದಾಸವಾಳ, ಕಲ್ಲು, ಅಳುತ್ತಿರುವ ಹೆಂಗಸು. ಎಲ್ಲವನ್ನೂ ನೋಡಿ ಚಪ್ಪಲಿ ಬಿಟ್ಟು ಕೈಮುಗಿದು ಭಕ್ತಿಯಿಂದ ಕೇಳಿದರು, "ಯಾವ ಕ್ರಾಸಲ್ಲಮ್ಮ ಪ್ರತಿಷ್ಠಾಪನೆ?"

ಹೊಸ ಬಡಾವಣೆ, ತಿಂಗಳಿಗೊಂದು ದೇವಸ್ಥಾನ ಏಳುತ್ತಿದ್ದ ಕಾಲ. ಅವರದೇನು ತಪ್ಪು? ನನಗೆ ಅಳುವಿನ ನಡುವೆಯೇ ನಗು ಬಂದುಬಿಟ್ಟಿತು. "ಪ್ರತಿಷ್ಠಾಪನೆ ಅಲ್ಲ ತಾತ, ದೋಸೆ ಹಿಟ್ಟು ರುಬ್ಬೋ ಕಲ್ಲು" ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿ, ಆದರೂ ಕಲ್ಲಿಗೆ ಇನ್ನೊಂದು ಸಲ ಕೈಮುಗಿದು, ಅದನ್ನೆತ್ತಿ ನನ್ನ ಹಿಂದಿನ ಕ್ಯಾರಿಯರಿಗೆ ಕಟ್ಟಿಕೊಟ್ಟು ಹೋದರು.

ಮನೆಗೆ ಹೋಗಲು ಕಾಲು ಬರಲಿಲ್ಲ. ನೇರವಾಗಿ ಮಂಡಿ ಮೊಹಲ್ಲಾಕ್ಕೆ ತುಳಿದೆ. ಭಾನುವಾರ ಅಂಗಡಿ ತೆಗೆದಿರುತ್ತದೆ ಎನ್ನುವುದಾದರೂ ಈ ಸಲ ಗೊತ್ತಿತ್ತು. ದಾರಿಯುದ್ದಕ್ಕೂ ಗೌಸ್ ಸಾಬರನ್ನು ಹೇಗೆ ತರಾಟೆಗೆ ತೆಗೆದುಕೊಳ್ಳಬೇಕೆಂದು ಮಾತು ಜೋಡಿಸಿಕೊಂಡೆ. ಹೋದವಳೇ ಬಾಯಿಬಿಟ್ಟ ಕೊಕ್ಕೆಗಳನ್ನು ಅವರ ಮುಂದೆ ಬಿಸಾಕಿ, "ಇದೇನಾ ಸಾಬ್ರೇ ನಿಮ್ ಕೆಲಸ? ಮಗು ಕೂತಿದ್ದಿದ್ರೆ ಏನ್ ಗತಿ?" ಎಂದು ಕೂಗಾಡಿದೆ. ಅವರ ಮುಖ ಕಪ್ಪಿಟ್ಟಿತು. ಕೊಕ್ಕೆಯನ್ನು ಎತ್ತಿ ತಿರುಗಿಸಿ ನೋಡಿದರು, ಕ್ಯಾರಿಯರಿನ ಮೇಲಿದ್ದ ಕಲ್ಲನ್ನು ನೋಡಿದರು. ಆಮೇಲೆ ಕಲ್ಲನ್ನು ಹೊತ್ತುಕೊಂಡು ಪಕ್ಕದ ಹುಣಸೆಹಣ್ಣಿನ ಮಂಡಿಗೆ ಹೋಗಿ ತಕ್ಕಡಿಯಲ್ಲಿ ಇಟ್ಟರು.

"ಹದಿಮೂರೂವರೆ. ನೀವು ನನಗೆ ಒಂಬತ್ತು ಅಂದ್ರಿ. ನಿಜ ಹೇಳಿ ಅಮ್ಮಾ, ನಿಮ್ ಮಗು ಎಷ್ಟು?"

ಅಂಗಡಿ ತುಂಬ ಜನ. ಆದದ್ದಾಗಲಿ ಎಂದು ಹೇಳಿಬಿಟ್ಟೆ, "ಕಲ್ಲಿನಷ್ಟೇ."

ಗೌಸ್ ಸಾಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಬೈಯುತ್ತಾರೆಂದುಕೊಂಡೆ. "ನನ್ ಹೆಂಡ್ತೀನೂ ಹಿಂಗೇ. ಮಕ್ಕಳ ತೂಕ ಡಾಕ್ಟ್ರಿಗೂ ಹೇಳ್ತಿರ್ಲಿಲ್ಲ" ಎಂದು ನಕ್ಕುಬಿಟ್ಟರು. "ಈ ಕಲ್ಲು ಯಾರು ಇಡೋಕೆ ಹೇಳಿದ್ದು?"

"ನಮ್ಮತ್ತೆ."

"ಅವರಿಗೆ ನನ್ ಸಲಾಮ್ ಹೇಳಿ."

ಆಮೇಲೆ ಎರಡು ಗಂಟೆ ಅವರು ಬೇರೆ ಗಿರಾಕಿಯನ್ನು ಮುಟ್ಟಲಿಲ್ಲ. ಸಣ್ಣ ಕೊಕ್ಕೆಗಳನ್ನು ಮೂಲೆಗೆಸೆದು ಅಗಲವಾದ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಬಗ್ಗಿಸಿ, ಹ್ಯಾಂಡಲಿನ ಸುತ್ತ ಬಳಸಿ ಬೋಲ್ಟು ಹಾಕಿದರು. ಜಾರದಿರಲೆಂದು ನಡುವೆ ಹಳೇ ಟ್ಯೂಬಿನ ತುಂಡು. ಸೀಟಿನ ತಳದಿಂದ ಮುಂದಿನ ಚಕ್ರದ ಎರಡೂ ಪಕ್ಕಕ್ಕೆ ಒಂದೊಂದು ದಪ್ಪ ಕಂಬಿ ಇಳಿಸಿ ಅಚ್ಚಿಗೆ ಬಿಗಿದರು. ಭಾರವೆಲ್ಲ ಈಗ ಕೆಳಗೆ ಇಳಿಯುತ್ತದೆ, ಹ್ಯಾಂಡಲು ಸುಮ್ಮನೆ ಹಿಡಿದುಕೊಂಡರೆ ಸಾಕು ಎಂದು ವಿವರಿಸಿದರು. ನಾನು ಅತ್ತೆಯ ಮಗನ ಹಿಮ್ಮಡಿಯ ಕಥೆ ಹೇಳಿದೆ. ಕೇಳಿದವರೇ ಎಣ್ಣೆ ಡಬ್ಬದ ತಗಡು ಕತ್ತರಿಸಿ, ಅಂಚು ಮಡಿಸಿ, ಕಾಲಿಗೂ ಚಕ್ರಕ್ಕೂ ನಡುವೆ ಒಂದು ಅಡ್ಡ ತಡೆ ಹಾಕಿದರು. ಮುಗಿದ ಮೇಲೆ ಕಲ್ಲನ್ನು ಸೀಟಿಗೆ ಕಟ್ಟಿ, ತಾವೇ ಸೈಕಲ್ ಹತ್ತಿ, ಮಂಡಿ ಮೊಹಲ್ಲಾದ ಲಾರಿ, ಕೈಗಾಡಿ, ಮೂಟೆಗಳ ನಡುವೆ ಗುಂಡಪ್ಪನನ್ನು ಒಂದು ಸುತ್ತು ಹಾಕಿಸಿಕೊಂಡು ಬಂದರು. ಎಷ್ಟೋ ವರ್ಷ ಕಳೆದ ಮೇಲೆ ಒಮ್ಮೆ ಆ ದಾರಿಯಲ್ಲಿ ಹೋಗಿದ್ದೆ. ಅಂಗಡಿಯ ಬಾಗಿಲಲ್ಲಿ ಒಂದು ಹಳೇ ಗುಂಡುಕಲ್ಲು ಕೂತಿತ್ತು. ಸೀಟು ಹಾಕಿಸಲು ಬಂದವರನ್ನು ಅವರು ತೂಕ ಕೇಳುವುದನ್ನೇ ಬಿಟ್ಟಿದ್ದರಂತೆ.

ಮನೆಗೆ ಹಿಂತಿರುಗುವಾಗ ತಲೆಯಲ್ಲಿ ಒಂದೇ ಗುಂಗು. ಅತ್ತೆಗೆ ಹೇಳಬೇಕೇ ಬೇಡವೇ? ಬಿತ್ತು ಅಂದರೆ ಮುಗಿಯಿತು, ನಾಳೆ ಚಿನ್ನು ಸೈಕಲ್ ಹತ್ತುವಂತಿಲ್ಲ, ಕೆಲಸ ಲಿಸ್ಟಿನಲ್ಲಿ ಮುಂದಿನವರಿಗೆ. ಈಗ ಸೀಟು ಗಟ್ಟಿಯಾಗಿಯೇ ಇದೆಯಲ್ಲ, ಹೇಳಿ ಯಾಕೆ ಹೆದರಿಸಲಿ ಎಂದು ಮನಸ್ಸು ನೆವ ಹುಡುಕಿತು. ಚಕ್ಕೆ ಎದ್ದ ಕಡೆಯನ್ನು ಗೋಡೆಗೆ ತಿರುಗಿಸಿ ಇಟ್ಟುಬಿಡುವುದೆಂದು ತೀರ್ಮಾನಿಸಿ ಗೇಟು ತೆಗೆದೆ. ಅತ್ತೆ ಬಾಗಿಲಲ್ಲೇ ಕೂತಿದ್ದರು. ಊಟ ಮಾಡಿರಲಿಲ್ಲ. "ಯಾಕವ್ವ ಇಷ್ಟೊತ್ತು? ನಂಗೆ ಜೀವ ಓದಂಗಾಯ್ತು" ಎಂದು ಎದ್ದು ಬಂದು ಕಲ್ಲಿನ ಮೇಲಲ್ಲ, ನನ್ನ ಮೈಮೇಲೆ ಕೈಯಾಡಿಸಿ ನೋಡಿದರು. ನನ್ನ ತೀರ್ಮಾನ ಅಲ್ಲೇ ಕರಗಿತು.

"ಬಿತ್ತು ಅತ್ತೆ" ಎಂದೆ. ತೂಕದ ಸುಳ್ಳಿನಿಂದ ಹಿಡಿದು ಹಂಪಿನವರೆಗೆ ಎಲ್ಲ ಹೇಳಿ, ಚಕ್ಕೆ ಎದ್ದ ಜಾಗವನ್ನು ತೋರಿಸಿದೆ. ಅವರು ಬಗ್ಗಿ ಅದರ ಮೇಲೆ ಬೆರಳಾಡಿಸಿದರು. ಕೆಲಸ ಹೋಯಿತು ಎಂದುಕೊಂಡೆ.

"ಬಿದ್ದಿದ್ದು ಕಲ್ಲು ತಾನೆ?" ಅಂದರು ಕೊನೆಗೆ. "ಅದುಕ್ಕೇ ಅಲ್ವಾ ಅದನ್ನ ಮೊದಲು ಕಳ್ಸೋದು."

ನನಗೆ ಉಸಿರು ಬಂತು.

"ಸಾಬರು ಏನೇನ್ ಮಾಡವ್ರೆ, ತೋರ್ಸು." ಒಂದೊಂದು ಬೋಲ್ಟನ್ನೂ ಹಿಡಿದು ನೋಡಿದರು, ತಗಡಿನ ಅಂಚನ್ನು ಸವರಿ ನೋಡಿದರು, ಎರಡೂ ಕೈಯಲ್ಲಿ ಸೀಟು ಹಿಡಿದು ಜಗ್ಗಿದರು. ತಗಡಿನ ಹತ್ತಿರ ಕೈ ಹಾಗೆಯೇ ನಿಂತಿತು. "ಅವತ್ತು ಇದೊಂದ್ ಇದ್ದಿದ್ರೆ..." ಎಂದರು. ಮುಖ ಒರೆಸಿಕೊಂಡು, "ಇನ್ನೊಂದ್ ಸಲ ಓಗ್ ಬಾ. ಅದೇ ಅಂಪಿನ ಮೇಲೆ" ಅಂದರು.

ಸಂಜೆ ಮತ್ತೆ ಗುಂಡಪ್ಪನ ಸವಾರಿ ಹೊರಟಿತು. ಸರೋಜಮ್ಮನ ಜೊತೆ ಈಗ ಇನ್ನೂ ನಾಲ್ಕು ಮನೆಯವರು ಗೇಟಿಗೆ ಬಂದಿದ್ದರು. ಬೆಳಗಿನ ನಾಚಿಕೆ ಎಲ್ಲಿ ಹೋಯಿತೋ, ತಲೆಯೆತ್ತಿಕೊಂಡೇ ತುಳಿದೆ. ಅದೇ ಇಳಿಜಾರು, ಅದೇ ಹಂಪು. ಬ್ರೇಕ್ ಹಿಡಿಯದೆ ಹಾರಿಸಿದೆ. ಗುಂಡಪ್ಪ ಅಲುಗಾಡಲಿಲ್ಲ. ತಿರುಗಿಸಿಕೊಂಡು ಬಂದು ಇನ್ನೊಂದು ಸಲ ಹಾರಿಸಿದೆ. ಮೂರನೆಯ ಸಲ ಬರೀ ಖುಷಿಗೆ ಹಾರಿಸಿ, ಖಾಲಿ ಸೈಟುಗಳ ನಡುವೆ "ಗೆದ್ದೆ ಕಣೋ ಗುಂಡಪ್ಪಾ!" ಎಂದು ಕೂಗಿದೆ. ದೂರದಲ್ಲಿ ಕ್ಯಾನಿನ ತಾತ ನಿಂತು ನೋಡುತ್ತಿದ್ದರು. ಪಾಪ, ಏನಂದುಕೊಂಡರೋ.

ಸೋಮವಾರ ಚಿನ್ನುವನ್ನು ಸೀಟಿಗೆ ಎತ್ತಿ ಕೂರಿಸಿದ್ದು ಅತ್ತೆಯೇ. ಕೂರಿಸುವಾಗ ಅವರ ತುಟಿ ಏನೋ ಜಪ ಮಾಡುತ್ತಿತ್ತು, ಕಣ್ಣು ತುಂಬಿತ್ತು. ಚಿನ್ನು ಬೆಲ್ಲು ಬಾರಿಸುವ ಕೆಲಸವನ್ನು ತಾನೇ ವಹಿಸಿಕೊಂಡು ಕುವೆಂಪುನಗರದವರೆಗೂ ಒಂದು ನಾಯಿಯನ್ನೂ ಬಿಡದೆ ಎಚ್ಚರಿಸಿದಳು. ಶಿಶುವಿಹಾರದಲ್ಲಿ ಇಳಿಯಲು ಒಪ್ಪದೆ ಸೀಟನ್ನೇ ತಬ್ಬಿಕೊಂಡಿದ್ದನ್ನು ಬಿಡಿಸಲು ಐದು ನಿಮಿಷ ಹಿಡಿಯಿತು. ಆದರೂ ನಾನು ಕಾಲೇಜು ಮುಟ್ಟಿದಾಗ ಒಂಬತ್ತು ಇಪ್ಪತ್ತು. ಹಾಜರಿ ಪುಸ್ತಕದ ಆ ದಿನದ ಪುಟ ಖಾಲಿಯಿತ್ತು. ನನ್ನ ಸಹಿಯೇ ಮೊದಲನೆಯದು. ಸೂಪರಿಂಟೆಂಡೆಂಟರು ಹತ್ತು ಗಂಟೆಗೆ ಏದುಸಿರು ಬಿಡುತ್ತ ಬಂದು, ನನ್ನ ಹೆಸರಿನ ಕೆಳಗೆ ಸಹಿ ಹಾಕಿ, ಏನೂ ಮಾತಾಡದೆ ಒಳಗೆ ಹೋದರು. ನಾನೂ ಏನೂ ಮಾತಾಡಲಿಲ್ಲ. ಮಾತಾಡದೆ ಇರುವುದರಲ್ಲಿ ಅಂಥ ಸುಖವಿದೆ ಎಂದು ನನಗೆ ಅವತ್ತೇ ತಿಳಿದದ್ದು.

ಆ ವಾರವೆಲ್ಲ ಅತ್ತೆ ದಿನಾ ಬೆಳಿಗ್ಗೆ ಗೇಟಿನವರೆಗೆ ಬಂದು, ನಾವು ತಿರುವು ದಾಟುವವರೆಗೂ ನಿಂತಿರುತ್ತಿದ್ದರು. ಸಂಜೆ ಮೊದಲು ಚಿನ್ನುವಿನ ಎರಡೂ ಹಿಮ್ಮಡಿ ನೋಡಿ, ಆಮೇಲೆ ನನಗೆ ಕಾಫಿ ಕೊಡುತ್ತಿದ್ದರು. ಭಾನುವಾರ ಬೆಳಿಗ್ಗೆ ನಾನು ಸೈಕಲ್ ಒರೆಸುತ್ತಿದ್ದಾಗ ಅವರು ಇಳಕಲ್ ಸೀರೆ ಉಟ್ಟು, ವಿಭೂತಿ ಧರಿಸಿ ಹೊರಗೆ ಬಂದು ನಿಂತರು. ಬಗಲಲ್ಲಿ ಒಂದು ದಿಂಬು.

"ಎಲ್ಲಿಗೆ ಅತ್ತೆ?"

"ಮಠಕ್ಕೆ. ಆರ್ ತಿಂಗಳಾಯ್ತಲ್ಲ." ದಿಂಬನ್ನು ನನ್ನ ಕೈಗೆ ಕೊಟ್ಟು ಹಿಂದಿನ ಕ್ಯಾರಿಯರನ್ನು ತೋರಿಸಿದರು. "ಇದನ್ನ ಅಲ್ಲಿ ಕಟ್ಟು."

ನಾನು ಅವರ ಮುಖವನ್ನೇ ನೋಡಿದೆ. ಮೂವತ್ತು ವರ್ಷ ಸೈಕಲ್ ಮುಟ್ಟದ ಹೆಂಗಸು. ದಿಂಬು ಕಟ್ಟಿದೆ. ಚಿನ್ನು ಮುಂದೆ ಕೂತು ಬೆಲ್ಲು ಬಾರಿಸಲು ತಯಾರಾದಳು. ಅತ್ತೆ ಕ್ಯಾರಿಯರಿನ ಮೇಲೆ ಒಂದು ಪಕ್ಕಕ್ಕೆ ಕೂತು, ಸೀರೆಯ ನೆರಿಗೆಯನ್ನು ಕಾಲಿನ ನಡುವೆ ಬಿಗಿಯಾಗಿ ಸಿಕ್ಕಿಸಿಕೊಂಡು, ನನ್ನ ಸೊಂಟವನ್ನು ಗಟ್ಟಿಯಾಗಿ ಹಿಡಿದುಕೊಂಡರು. ಹೊರಟಾಗ ಅವರ ಉಗುರು ನನ್ನ ಹೊಟ್ಟೆಗೆ ನಾಟುತ್ತಿತ್ತು. ನಾಲ್ಕು ಮನೆ ದಾಟುವಷ್ಟರಲ್ಲಿ ಹಿಡಿತ ಸಡಿಲವಾಯಿತು. ಹೆದರಿಕೆಯಾದೀತೆಂದು ನಾನು ಮೆಲ್ಲಗೆ, ಬಹಳ ಮೆಲ್ಲಗೆ ತುಳಿಯುತ್ತಿದ್ದೆ.

ಬೆನ್ನಿಗೆ ಒಂದು ಗುದ್ದು ಬಿತ್ತು.

"ಇದೇನವ್ವ ಇಷ್ಟು ನಿಧಾನ? ಜೋರಾಗ್ ತುಳಿ! ಸರೋಜಮ್ಮ ಗೇಟಲ್ಲೇ ನಿಂತವ್ಳೆ, ನೋಡ್ಲಿ!"